ಮೂರು ಸೀಟಿನಾಚೆ

ಲಿವಾದಿಂದ ಮೊದಲ ಬಸ್ಸು ಕತ್ತಲಿರುವಾಗಲೇ.
ತಪ್ಪಿದರೆ ಮುಂದಿನದು ಮರಳು ಕಾದ ಮೇಲೆ.
ಅಂಗಡಿಯ ಷಟರಿಗೊಂದು ರಟ್ಟು ತೂಗುಹಾಕಿ ಬಂದೆ,
‘ಇಂದು ರಜ’ ಅಂತ ಮೂರು ಭಾಷೆಯಲ್ಲಿ,
ಮೂರರಲ್ಲೂ ತಪ್ಪು.

ಹನ್ನೊಂದು ವರ್ಷದಲ್ಲಿ ಇದು ನಾಲ್ಕನೇ ರಜ.
ಹಬ್ಬಕ್ಕಲ್ಲ, ಜ್ವರಕ್ಕಲ್ಲ,
ಕಣ್ಣಿಗೆ.

ನಿಲ್ದಾಣವೆಂದರೆ ಒಂದು ಗಾಜಿನ ಪೆಟ್ಟಿಗೆ.
ಒಳಗೆ ಏಸಿ ಸತ್ತು ಬೆಕ್ಕು ಬದುಕಿತ್ತು.
ಗೋಡೆಯ ಮೇಲೆ ಬಸ್ಸಿನ ವೇಳಾಪಟ್ಟಿ,
ಹತ್ತಿರ ಹೋದಷ್ಟೂ ಇರುವೆ ಸಾಲು.
ಹಿಂದೆ ಸರಿದು, ಮತ್ತೂ ಸರಿದು,
ರಸ್ತೆಯಂಚಿಗೆ ಬಂದಾಗ ಅಕ್ಷರವಾಯಿತು.

ಕಾರ್ಡು ತಾಗಿಸಿದರೆ ಯಂತ್ರ ಕೆಂಪಗೆ ಮುನಿಯಿತು.
ಡ್ರೈವರ್ ಸ್ವಾಬಿಯ ಕಡೆಯವನು, ದಿಲಾವರ್ ಖಾನ್,
ತಿಂಗಳಿಗೊಮ್ಮೆ ನನ್ನ ಕುರ್ಚಿಯಲ್ಲಿ ಕೂತು ಗೊರಕೆ ಹೊಡೆಯುವವನು.
‘ಕೂತ್ಕೋ ಉಸ್ತಾದ್,
ಮದೀನತ್ ಝಾಯೆದ್‌ನಲ್ಲಿ ಇಳಿದು ದುಡ್ಡು ತುಂಬಿಸು.’
ಮುಂದಿನ ಸೀಟು ಹೆಂಗಸರಿಗೆ. ನಾನು ಕೊನೆಯ ಸಾಲಿಗೆ.

ಕೊನೆಯ ಸಾಲಿನಿಂದ ಕಂಡರೆ
ಊರಿಗೆ ಊರೇ ಬೆನ್ನು ಹಾಕಿ ಕೂತಂತೆ.
ಬೇರೆಯವರಿಗೆ ಮುಖ ಬೇಕು,
ನನಗೆ ಹೆಡತಲೆ ಸಾಕು.
ಆ ಎರಡು ಸುಳಿ ನೇಪಾಳದ ಧನ ಬಹಾದ್ದೂರನದು
(ಎರಡು ಸುಳಿಗೆ ಎರಡು ಮದುವೆ ಎಂದಿದ್ದೆ,
ಒಂದಕ್ಕೇ ಸಾಲ ತೀರಿಲ್ಲ ಉಸ್ತಾದ್ ಎಂದಿದ್ದ).
ಆ ಮೆಹಂದಿ ಬಣ್ಣ ಪಂಪಿನ ಮೇಸ್ತ್ರಿಯದು.
ಕಿಟಕಿಗೊರಗಿದ ಹುಡುಗ ನನ್ನವನಲ್ಲ,
ಯಾರೋ ಮನೆಯಲ್ಲೇ ಮಿಶಿನ್ ಓಡಿಸಿದ್ದಾರೆ,
ಮೆಟ್ಟಿಲು ಮೆಟ್ಟಿಲು. ಪಾಪ, ಸಂದರ್ಶನವಿರಬೇಕು,
ಫೈಲನ್ನು ಮಗುವಿನಂತೆ ಅಪ್ಪಿಕೊಂಡಿದ್ದಾನೆ.

ಖರ್ಜೂರದ ತೋಟ ಮುಗಿದು
ಬೇಲಿ ಹಾಕಿದ ಮರಳು ಶುರುವಾಯಿತು.
ಮೂಡಲು ಕೆಂಪಾಗಿ, ಬಿಳಿಚಿ, ತಟಕ್ಕನೆ ಬಿಸಿಲು.
ಅದು ಎಡಗಡೆಯ... ಅಲ್ಲ, ಬಲಗಡೆಯ ಕಿಟಕಿಗೆ ಬಿದ್ದು
ಮೂರು ಸೀಟಿನಾಚೆಯ ಒಂದು ಕಿವಿಯನ್ನು
ದೀಪ ಹಿಡಿದು ತೋರಿಸಿತು.

ಮೊಫಿಜುಲ್. ತೋಟದ ಕಾವಲಿನವನು.
ಮೊನ್ನೆ ಸಂಜೆ ಬಂದಿದ್ದ, ಪಾಸ್‌ಪೋರ್ಟ್ ಫೋಟೋಕ್ಕೆಂದು,
‘ಚೆನ್ನಾಗಿ ಮಾಡು, ಹತ್ತು ವರ್ಷ ಇದೇ ಮುಖ’ ಎಂದು ನಕ್ಕಿದ್ದ.
ಕಿವಿಯ ಹಿಂದೆ, ಬೆರಳಗಲದ ಗಾಯ.
ಒಣಗಿ ಕಪ್ಪಾಗಿದೆ. ನೇರವಾಗಿದೆ.
ಅಷ್ಟು ನೇರ ಗೆರೆ ಕತ್ತಿಯದೇ.

ಕಿವಿಯ ಹಿಂದೆ ಕತ್ತಿ ಇಡುವಾಗ ಉಸಿರು ಹಿಡಿ,
ಮೂಡುಬಿದಿರೆಯ ಪೇಟೆಯಲ್ಲಿ ಅಪ್ಪ ಹೇಳಿಕೊಟ್ಟದ್ದು.
ಉಸಿರು ಹಿಡಿದಿದ್ದೆ ಅಪ್ಪಯ್ಯ.
ಮೂಗಿನೆದುರಿನ ಕಿವಿ ಮಂಜಾಗಿತ್ತು, ಅಷ್ಟೇ.
ಕನ್ನಡಿ ಹಿಡಿದು ಹಿಂದುಗಡೆ ತೋರಿಸಿದ್ದೆ ಬೇರೆ.
ಅವನು ನೋಡಿದ್ದ. ‘ಫಸ್ಟ್ ಕ್ಲಾಸ್’ ಎಂದಿದ್ದ.
ಹತ್ತು ದಿರ್ಹಮ್ ಕೊಟ್ಟು ಚಿಲ್ಲರೆ ಬೇಡವೆಂದಿದ್ದ.

ಮದೀನತ್ ಝಾಯೆದ್‌ನಲ್ಲಿ ಹತ್ತು ನಿಮಿಷ ನಿಲುಗಡೆ.
ದುಡ್ಡು ತುಂಬಿಸುವ ಯಂತ್ರ ನೋಟು ತಿನ್ನಲಿಲ್ಲ, ಉಗುಳಿತು.
ಹಿಂದಿನಿಂದ ಕೈಯೊಂದು ಬಂದು
ನೋಟಿನ ಮಡಿಕೆ ತೀಡಿ ಒಳಗಿಟ್ಟಿತು.
‘ಉಲ್ಟಾ ಹಿಡಿದಿದ್ದೆ ಉಸ್ತಾದ್.’
ಕೇಳಬೇಕೆಂದಿದ್ದೆ, ನೋವಾಯಿತೇ ಎಂದು.
‘ಚಾ ಕುಡೀತೀಯಾ’ ಎಂದೆ.
ಕುಡಿದೆವು. ಬಿಸಿಯಿತ್ತು. ಅವನೇ ಕೊಟ್ಟ.

ಆಮೇಲೆ ಕೊಳವೆಗಳು, ಬೆಂಕಿ ಉಗುಳುವ ಕಂಬ,
ಟ್ಯಾಂಕರುಗಳ ಸಾಲು, ಮುಸಫಾದ ಗೋದಾಮು,
ಸೇತುವೆ, ಒಮ್ಮೆಲೇ ನೀರು.
ಅಬುಧಾಬಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ
ಸಾವಿರ ತಲೆ, ಒಂದೂ ನನ್ನ ಕೈಯದಲ್ಲ.

ಕನ್ನಡಕದಂಗಡಿಯ ಹುಡುಗಿ ಗಾಜು ಬದಲಿಸುತ್ತಾ
‘ಈಗ? ಈಗ?’ ಎಂದು ಕೇಳಿದಳು.
ಅವಳು ಕೊಟ್ಟ ಚೀಟಿ ಓದಲಿಲ್ಲ,
ನನ್ನ ಹೆಬ್ಬೆರಳನ್ನೇ ಹತ್ತಿರ ತಂದುಕೊಂಡೆ.
ಉಗುರಿನ ಸಂದಿಯಲ್ಲೊಂದು ಕೂದಲ ಚೂರು, ಬೆಳ್ಳಗೆ,
ಯಾರದೋ,
ಅಷ್ಟು ದೂರದಿಂದ ಟಿಕೆಟ್ಟಿಲ್ಲದೆ ಬಂದದ್ದು.
‘ಈಗ’ ಎಂದೆ.