ಯಾರೂ ಒತ್ತದ ಗುಂಡಿ

ಗುಂಡಿ ನಾನಿನ್ನೂ ಒತ್ತಿಲ್ಲ.
ಎರಡೂ ಕೈ ಟೀ ಲೋಟದ ಸುತ್ತ ಇವೆ.
ಡಬ್ಬಿಯ ಪುಟ್ಟ ಪರದೆ ಮಾತ್ರ
ಹದಿಮೂರು ಮಿಲಿಸೆಕೆಂಡು ಅನ್ನುತ್ತದೆ,
ಮತ್ತೆ ಎರಡು, ಮತ್ತೆ ತೊಂಬತ್ತು,
ನಿದ್ದೆಯಲ್ಲಿ ಮಗ್ಗಿ ಹೇಳುವ ಹುಡುಗನ ಹಾಗೆ.

ಕೌಲ್ ಬಜಾರಿನಲ್ಲಿ, ಜೀನ್ಸ್ ಹೊಲಿಯುವವರ ನೆತ್ತಿಯ ಮೇಲೆ
ನನ್ನ ಬಾಡಿಗೆ ಕೋಣೆ. ಆರು ಹಳೇ ಮಾನಿಟರು,
ಗಂಟೆಗೆ ಇಪ್ಪತ್ತು ರೂಪಾಯಿ ಆಟ.
"ಅಣ್ಣಾ, ಗುಂಡು ಲೇಟಾಗಿ ಹಾರ್ತೈತಿ" ಅಂತ
ವಿರುಪಣ್ಣನ ದಿನನಿತ್ಯದ ರಾಗ.
ಸೋತವರೇ ಹಾಗನ್ನುತ್ತಾರೆ. ಗೆದ್ದವರು ಅಂದದ್ದಿಲ್ಲ.
ಆದರೂ ಲೆಕ್ಕ ಬೇಕಲ್ಲ ಅಂತ ಈ ಡಬ್ಬಿ ಮಾಡಿದೆ:
ಒಂದು ತುದಿಗೆ, ಕೆಳಗಿನಿಂದ ಬೇಡಿ ತಂದ
ಜೀನ್ಸಿನ ಹಿತ್ತಾಳೆ ಗುಂಡಿ,
ಇನ್ನೊಂದು ತುದಿಗೆ ಬೆಳಕು ಕಾಣುವ ಡಯೋಡು.
ಒತ್ತಿದ ಗಳಿಗೆಗೂ ಪರದೆ ಬೆಳಗಿದ ಗಳಿಗೆಗೂ
ಎಷ್ಟು ಅಂತರ, ಅಷ್ಟೇ ಅದರ ಕೆಲಸ.

ಮೊದಲ ಅನುಮಾನ ಟ್ಯೂಬ್‌ಲೈಟಿನ ಮೇಲೆ. ಆರಿಸಿದೆ.
ಫ್ಯಾನು ನಿಲ್ಲಿಸಿದೆ; ಬಳ್ಳಾರಿಯ ಏಪ್ರಿಲ್ಲಿನಲ್ಲಿ
ಅದು ವಿಜ್ಞಾನಕ್ಕೆ ದೊಡ್ಡ ದೇಣಿಗೆ.
ಚಾರ್ಜರು ಕಿತ್ತು ಬ್ಯಾಟರಿಗೆ ಹಾಕಿದೆ.
ಗುಂಡಿಯ ಎರಡು ತಂತಿ ಒಂದಕ್ಕೊಂದು ಹೊಸೆದೆ,
ಬಿರಿಯಾನಿ ಕಟ್ಟಿಕೊಟ್ಟ ಬೆಳ್ಳಿಹಾಳೆ ತೊಳೆದು ಸುತ್ತಿದೆ,
ತೊಗರಿಬೇಳೆಯಷ್ಟಿನ ಕೆಪ್ಯಾಸಿಟರು ಬೆಸುಗೆ ಹಾಕಿದೆ.
ಸುಳ್ಳು ಕಡಿಮೆಯಾಯಿತು. ನಿಲ್ಲಲಿಲ್ಲ.
ಗಾಳಿಯಲ್ಲಿರುವುದನ್ನೆಲ್ಲ ಕೇಳಿಸಿಕೊಳ್ಳಲು
ಒಂದು ಗಜ ತಂತಿ ಸಾಕು;
ಚಾಡಿಕಿವಿಗೆ ಏನು ಸುತ್ತಿದರೇನು.

ಒಂದೂವರೆಗೆ ಊಟದ ಬಿಡುವು.
ಕೆಳಗಿನ ಹನ್ನೊಂದು ಮಷೀನು ಒಮ್ಮೆಗೇ ಸುಮ್ಮನಾದವು.
ನನ್ನ ಡಬ್ಬಿಯೂ.
ಒತ್ತಿದೆ: ನಲವತ್ತೆಂಟು. ಒತ್ತಿದೆ: ನಲವತ್ತೇಳು.
ಮತ್ತೆ ನಲವತ್ತೆಂಟು.
ಇಷ್ಟು ದಿನ ಅದು, ಬುತ್ತಿಡಬ್ಬಿ ಬಿಚ್ಚುವ ಸದ್ದಿಗೆ ಕಾದಿತ್ತು.

ಇಳಿದು ಹೋಗಿ ಶೇಕ್ಷಾವಲಿಗೆ ಹೇಳಿದೆ.
"ಲಾಗ್ ಅಂದ್ರ ಏನಪ?"
"ಒತ್ತಿದ್ದಕ್ಕೂ ಆದದ್ದಕ್ಕೂ ನಡುವಿನ ತಡ."
"ನಮ್ಮೋರು ಪಗಾರಕ್ಕ ಅದನ್ನೇ ಅಂತಾರ" ಅಂತ ನಕ್ಕು
ಹತ್ತು ನಿಮಿಷ ಕೊಟ್ಟ. ಒಂದೊಂದೇ ಮಷೀನು ಹಚ್ಚುವುದು,
ಮೇಲೆ ಡಬ್ಬಿ ಕಾಯುತ್ತ ವಿರುಪಣ್ಣ ಕೂಗುವುದು.
ಒಂದು. "ಇಲ್ಲ!" ಎರಡು. "ಇಲ್ಲ!"
ನಾಲ್ಕರಲ್ಲಿ ಕೊಂಚ ಗೊಣಗು.
ಏಳನೆಯದರ ಪೆಡಲು ತುಳಿದದ್ದೇ
"ಬಂತು, ಬಂತು, ಬಂತು, ಅಣ್ಣೋ" ಅಂತ
ಮೆಟ್ಟಿಲಲ್ಲಿ ಕಾಮೆಂಟರಿ ಶುರು.

ಅದು ಹಂಪಮ್ಮನ ಮಷೀನು.
ಬಗ್ಗಿ ನೋಡಿದರೆ, ಮೋಟರಿನ ಹಸಿರು ತಂತಿ
ಪ್ಲಗ್ಗಿನ ಹೊರಗೇ ಕತ್ತರಿಸಿ, ಚೆಂದಗೆ ಟೇಪು ಸುತ್ತಿದೆ.
ಮೂರು ಕಾಲಿನ ಪ್ಲಗ್ಗು ಸಿಗದ ದಿನ ಯಾರೋ ಮಾಡಿದ್ದು.
ಆಕೆಯ ಪಾದ ಊರುವ ಜಾಗದಲ್ಲಿ
ಡೆನಿಮ್ ತುಂಡು, ಮಡಿಸಿ ಮಡಿಸಿ
ಎಂಟು ಪದರ.

"ಮುಟ್ಟಿದ್ರ ಜುಮ್ ಅಂತಿತ್ತು" ಅಂದಳು.
"ಹೇಳಿದ್ದೆ. ದೀಪಾವಳಿ ಆಗಿ ವಾರಕ್ಕೇ ಹೇಳಿದ್ದೆ.
ನಿನಗ ನರದ ವೀಕ್ನೆಸ್ಸು, ಎಳನೀರು ಕುಡಿ ಅಂದ್ರು.
ಕುಡದೆ. ಹತ್ತು ಎಳನೀರು. ನನ್ನ ರೊಕ್ಕದಾಗ."
ಶೇಕ್ಷಾವಲಿ ಸೂರು ನೋಡಿದ.
ಅಲ್ಲಿ ನೀಲಿ ನೂಲಿನ ಧೂಳು ಬಿಟ್ಟು ಏನೂ ಇಲ್ಲ.

ಗೋಡೆಯ ಅರ್ಥಿಂಗ್ ಸರಿಯಿದೆಯೋ ಅಂತ
ಬಲ್ಬು ಹಚ್ಚಿ ಎರಡು ಸಲ ನೋಡಿ
ತಂತಿ ನಾನೇ ಜೋಡಿಸಿದೆ, ಹೊಸ ಪ್ಲಗ್ಗು ಹಾಕಿದೆ.
ಆಕೆ ಮೊದಲು ಬೆರಳಿನ ಹಿಂಬದಿ ತಾಗಿಸಿದಳು.
ಆಮೇಲೆ ಇಡೀ ಅಂಗೈ. ತೆಗೆಯಲಿಲ್ಲ, ಬಹಳ ಹೊತ್ತು.
ಡೆನಿಮ್ ತುಂಡನ್ನೂ ತೆಗೆಯಲಿಲ್ಲ:
"ಇರ್ಲಿ ಬಿಡ್ರಿ, ರೂಢಿ ಆಗೈತಿ."

ಸಂಜೆ, ಹನ್ನೊಂದೂ ಓಡುತ್ತಿರುವಾಗ
ಫ್ಯಾನು ಹಾಕಿಕೊಂಡೇ ಆರೂ ಮಾನಿಟರು ಅಳೆದೆ.
ನಲವತ್ತೆಂಟು, ಐವತ್ತು, ನಲವತ್ತಾರು,
ಐವತ್ತೆರಡು, ನಲವತ್ತೆಂಟು.
ಕಿಟಕಿಯ ಪಕ್ಕದ್ದು ನೂರಾ ಹನ್ನೆರಡು.
ಅದು ವಿರುಪಣ್ಣ ಕೂರುವ ಜಾಗ.

ಕರೆದು, ಒಂದು ಗಂಟೆ ಪುಕ್ಕಟೆ ಆಡು ಅಂದೆ.
"ಎರಡು" ಅಂದ.