ಗಾಜಿನವನಿಗೆ ಬ್ಯಾಟು ಮಾರಿದ್ದು

ಅದನ್ನು ಮುಟ್ಟಬೇಡ, ಕಾಸಿಮಿರೋ.
ವಜ್ರದಾಕಾರದ್ದು, ಕರಿ ಮಿರುಗಿನದು,
ಹೊಸದಾಗಿ ದುಡ್ಡು ಕಂಡವರ ಹಾಗೆ
ಭಾರವೆಲ್ಲ ತಲೆಯಲ್ಲೇ.
ತಗುಲಿದರೆ ಸಿಡಿಲು, ತಪ್ಪಿದರೆ ಮೊಣಕೈ ನೋವು.
ನೀನು ತಪ್ಪುತ್ತೀಯ.

ಇಲ್ಲಿ ಬಾ, ಈ ದುಂಡನೆಯದು ಹಿಡಿ.
ಬಾಣಲೆಯಂತಿದೆ ಅಂತ ನಗಬೇಡ.
ಅಂಚಿಗೆ ತಾಗಿದ ಚೆಂಡನ್ನೂ ಇದು
ಕ್ಷಮಿಸಿ ಆಚೆ ಕಳಿಸುತ್ತದೆ.
ತಂತಿಯೆಲ್ಲಿ ಅಂತ ಹುಡುಕುತ್ತೀಯಾ? ಪಾಡೆಲ್ಲಿಗೆ ತಂತಿಯಿಲ್ಲ.
ಒಳಗೆ ಮೆತ್ತನೆಯ ಫೋಮು, ಮೈತುಂಬ ತೂತು.
ಕಡಲ ಕಡೆಯಿಂದ ಲೆವಾಂತೆ ಬೀಸುವ ಈ ಅಲ್ಮೆರಿಯಾದಲ್ಲಿ
ಗಾಳಿಗೆ ದಾರಿ ಬಿಡದ್ದು ಯಾವುದು ಉಳಿದಿದೆ ಹೇಳು?
ತೂಕ ಮುನ್ನೂರ ಅರವತ್ತು ಗ್ರಾಮು ದಾಟದಿರಲಿ.
ಇಷ್ಟು ವರ್ಷ ಗಾಜು ಹೊತ್ತ ಭುಜಕ್ಕೆ
ಭಾರದ ಪಾಠ ಇನ್ನು ಬೇಕಿಲ್ಲ.

ಈ ದಾರ ಮಣಿಕಟ್ಟಿಗೆ. ಅಲಂಕಾರವಲ್ಲ, ನಿಯಮ.
ಹೋದ ಬೇಸಿಗೆ ಔಷಧದಂಗಡಿಯ ಗುಮೆರ್ಸಿಂದೊ
ಬೆವರುಗೈಯಿಂದ ಜಾರಿಸಿದ ಬ್ಯಾಟು
ಸ್ವಂತ ಭಾವಮೈದುನನ ಹಲ್ಲು ಉದುರಿಸಿತು.
ಈಗ ಆ ಮನೆಯಲ್ಲಿ ಕ್ರಿಸ್ಮಸ್ಸಿಗೆ ಎರಡು ಮೇಜು.
ಹಿಡಿಗೆ ಈ ಪಟ್ಟಿ: ಬುಡದಿಂದ ಮೇಲಕ್ಕೆ, ಓರೆಯಾಗಿ, ಎಳೆದು ಸುತ್ತು.
ಅಂಚಿಗೆ ಪಟ್ಟಿ ಹಚ್ಚಿಯೇ ಬದುಕಿದವನಿಗೆ
ನಾನೇನು ಕಲಿಸಲಿ.
ಕೊಳೆಯಾದರೆ ಬಿಸಾಕು. ಒಗೆಯಬೇಡ.

ಕಾಲಿಗೆ?
ಈ ಕೆಲಸದ ಬೂಟಲ್ಲಿ ಅಂಕಣಕ್ಕೆ ಬಿಟ್ಟರೆ
ನನ್ನ ಹೆಸರು ಎನ್ಕಾರ್ನಾ ಅಲ್ಲ.
ಓಟದ ಬೂಟೂ ಬೇಡ, ಅದು ಮುಂದಕ್ಕಷ್ಟೇ ಬಲ್ಲದು;
ಇಲ್ಲಿಯ ಬಾಳೆಲ್ಲ ಅಡ್ಡಡ್ಡ, ಹಿಂದೆ, ಮತ್ತೆ ಅಡ್ಡ.
ಇದರ ಅಡಿ ತಿರುಗಿಸಿ ನೋಡು, ಮೀನುಮುಳ್ಳಿನ ಗೆರೆ.
ಹಾಸಿನ ಮೇಲಿನ ಮರಳನ್ನು ಕಚ್ಚುತ್ತದೆ,
ಬಿಡಬೇಕಾದಾಗ ಬಿಡುತ್ತದೆ.
ಹಣ ಎಲ್ಲಾದರೂ ಸುರಿಯುವುದಿದ್ದರೆ ಇಲ್ಲಿ ಸುರಿ.

ಚೆಂಡಿನ ಡಬ್ಬಿ ತೆರೆದಾಗ ಉಸ್ಸೆನ್ನುತ್ತದಲ್ಲ,
ಆಯುಸ್ಸಿನ ಎಣಿಕೆ ಅಲ್ಲಿಂದ ಶುರು.
ಮೂರು ಆಟ, ಬಹಳವೆಂದರೆ ನಾಲ್ಕು.
ಆಮೇಲೆ ನಿನ್ನ ನಾಯಿಗೆ.

ಯಾಕೆ ಸುಮ್ಮನಾದೆ?
ಗಾಜಿನ ಮಾತು ಬರಲೆಂದು ಕಾಯುತ್ತಿದ್ದೀಯ, ಗೊತ್ತು.
ಹಿತ್ತಲ ಅಂಕಣದ ಗೋಡೆಗಳನ್ನು ನಿಲ್ಲಿಸಿದವನು ನೀನೇ,
ಒಂದೊಂದು ಬೋಲ್ಟಿಗೂ ಕಿವಿಗೊಟ್ಟು.
ಹುಡುಗರ ಮೊದಲ ಚೆಂಡು ಬಡಿದಾಗ
ನೀನು ಕಣ್ಣು ಮುಚ್ಚಿಕೊಂಡದ್ದನ್ನು ಕಂಡೆ.

ಗಾಜಿಗೆ ಚೆಂಡು ಬಿತ್ತೋ, ಓಡು:
ನಮ್ಮ ಬೀದಿಯ ಮಕ್ಕಳು ಕಲಿತ ಮೊದಲ ಪಾಠ ಅದು.
ತೊರಿಬಿಯಾಳ ಕಿಟಕಿ ಒಡೆದ ಸಂಜೆ
ಎಲ್ಲರೂ ಓಡಿದೆವು, ನೀನೊಬ್ಬ ನಿಂತೆ.
ದಂಡ ತೀರಿಸಲು ಗಾಜಿನಂಗಡಿಗೆ ಸೇರಿದವನು
ತೀರಿದ ಮೇಲೂ ಅಲ್ಲೇ ಉಳಿದೆ.

ಅಂದು ಒದ್ದವಳು ನಾನು, ಕಾಸಿಮಿರೋ.
ಎಡಗಾಲಲ್ಲಿ. ಗುರಿಯೇ ಇಲ್ಲದೆ.
ನಲವತ್ತೇಳು ವರ್ಷ ಹೇಳಲಿಲ್ಲ,
ಇವತ್ತು ನೀನು ಚಿಲ್ಲರೆ ಎಣಿಸುವ ರೀತಿ ನೋಡಿ
ಬಾಯಿಗೆ ಬಂತು.
ಮುಖ ಹಾಗೆ ಮಾಡಬೇಡ.
ಗಿರಾಕಿಗಳಿದ್ದಾರೆ.

ಕೇಳು. ಇಲ್ಲಿ ಚೆಂಡು ಮೊದಲು ನೆಲ ಮುಟ್ಟಿ
ಆಮೇಲೆ ಗಾಜಿಗೆ ಬಡಿದರೆ
ಆಟ ಮುಗಿದಿರುವುದಿಲ್ಲ.
ಬೆನ್ನಟ್ಟಿ ಗುದ್ದಬೇಡ, ಅದಕ್ಕೆ ಜಾಗ ಬಿಡು,
ಗೋಡೆಯಿಂದ ಹೊರಳಿ ಬರುವವರೆಗೆ ಕಾಯಿ.
ಎಳೆಯರಿಗೆ ಇದನ್ನು ಕಲಿಸಲು ನನಗೆ ಒಂದು ವರ್ಷ ಬೇಕು.
ನಿನಗೆ ಬೇಕಾಗಲಿಕ್ಕಿಲ್ಲ.

ಶನಿವಾರ ಎಂಟಕ್ಕೆ ಬಾ. ನಾವು ಮೂವರಿದ್ದೇವೆ,
ನಾಲ್ಕನೆಯವನಿಗೆ ಮಂಡಿ ಹೋಗಿದೆ.

ಬ್ಯಾಟು, ಬೂಟು, ಚೆಂಡು, ಎಲ್ಲ ಬರೆದಿದ್ದೇನೆ.
ರಿಯಾಯಿತಿ ಕೇಳಬೇಡ, ಬಾಡಿಗೆ ಕಟ್ಟಬೇಕು.
ಹಿಡಿಪಟ್ಟಿ ಮಾತ್ರ ಲೆಕ್ಕಕ್ಕಿಲ್ಲ.
ಅದು ಕಿಟಕಿಯ ಬಾಬ್ತು.