ದಿವಾಡಿ ಬಾಂಧಿನ ಹಾಜರಿ

ಪುಸ್ತಕದಾಗ ಹದಿನಾಲ್ಕು ಹೆಸರು,
ಬಾಂಧಿನ ಮ್ಯಾಲೆ ಹನ್ನೊಂದು ಮಂದಿ.
ಹುಲಗಪ್ಪ ಜ್ವರದಾಗ ಹೋದ.
ಲಗಮವ್ವ ತಾಳಿಕೋಟಿ ಬಸ್ಸು ಹತ್ತಿದಳು.
ಮೈಬೂಬ ಎಲ್ಲಿಗೆ ಅಂತ ಹೇಳಲೇ ಇಲ್ಲ.
"ಹೆಸರು ಹಂಗೇ ಇರಲಿ ಮೇಸ್ತ್ರಿ,"
ಗುತ್ತಿಗೆದಾರ ಎಲಿ ಅಡಿಕಿ ಉಗುಳಿದ,
"ಬಾಂಧು ಹದಿನಾಲ್ಕು ಆಳಿನ ಅಳತೀದು."

ಹೋದ ಅಮಾಸಿಗೆ ಕೆಸರಿನ್ಯಾಗ
ಬಿಲ್ಲಿಯೊಂದು ಸಲಿಕಿಗೆ ತಾಗಿತ್ತು.
ಕರ್ರಗ, ಸೊಟ್ಟ, ಮ್ಯಾಲೊಂದು ಶಿಲುಬಿ.
ಪಣಜಿಯ ಹಳೇ ಕಾಗದದ ಕಚೇರಿಯೊಳಗ
ಎತೆಲ್ವಿನಾ ಬಾಯಿ ಭೂತಗನ್ನಡಿ ಹಿಡಿದು ಅಂದಳು:
ಭೂಮಿ ಆಚೆ ಬದಿಯ ಬೆಳ್ಳಿ ಇದು.
ಅರವತ್ತು ವರ್ಷ ಆ ಬೆಟ್ಟಕ್ಕೂ ಈ ನಡುಗಡ್ಡೆಗೂ
ಒಬ್ಬನೇ ದೊರೆ, ಸ್ಪೇನಿನಾವ.

ಬೆಟ್ಟದ ಸುತ್ತಿನ ಊರಿನ ತಲಿ ಒಮ್ಮೆ ಎಣಿಸಿದರಂತ:
ಏಳು ಗಂಡಸರಿಗೆ ಒಬ್ಬ ಗಣಿಗೆ.
ಆಮ್ಯಾಲೆ ಸಿಡುಬು ಬಂತು, ದಡಾರ ಬಂತು,
ಪುಸ್ತಕಕ್ಕ ಮಾತ್ರ ಜ್ವರ ಬರಲಿಲ್ಲ.
ಸತ್ತವನ ಪಾಳಿ ತಮ್ಮ ಮಾಡಿದ,
ತಮ್ಮನ ಪಾಳಿ ಅಳಿಯ,
ಅಳಿಯ ರಾತ್ರೋರಾತ್ರಿ ಗುಡ್ಡ ದಾಟಿದ,
ಪರ ಊರಾಗ ಪರದೇಶಿ ಆದ.
ಪರದೇಶಿಗೆ ಪಾಳಿ ಇಲ್ಲ ನೋಡ್ರಿ.
ದೊರಿ ಪತ್ರ ಬರೆದ: ಬೆಳ್ಳಿ ಯಾಕ ಕಡಿಮಿ?
ಮಂದೀನ ಜೋಪಾನ ಮಾಡ್ರಿ ಅಂತ ಕಾಯ್ದೆನೂ ಬರೆದ.
ಪತ್ರ ಕಡಲು ದಾಟೂದರಾಗ
ಇನ್ನೊಂದು ಊರು ಖಾಲಿ.

ನಾನು ಕಿಟಕಿ ಕಡೆ ನೋಡಿದೆ.
ಇಲ್ಲೇನಾತು ಬಾಯಿ, ಅಂದೆ.

ಹೊಳಿ ಆಚೆಯ ಆ ಹಳೇ ಪಟ್ಟಣ.
ಬಾವಿಯಾಗ ವಾಂತಿಭೇದಿ.
ಮೇಣೆ ಇತ್ತು, ಹೊರಾವ ಇರಲಿಲ್ಲ.
ದಂಡನೆಗೆ, ಕಂದಾಯಕ್ಕ ಅಂಜಿದವರು
ದೇವರನ್ನ ಸೀರಿಯಾಗ ಸುತ್ತಿಕೊಂಡು
ದಕ್ಷಿಣಕ್ಕ, ನಿಮ್ಮ ಕನ್ನಡದ ಸೀಮೆಗೆ ನಡೆದರು.
ತೂಬಿಗೆ ಇಲ್ಲಿ ಮಾನಸ ಅಂತಾರ.
ಮಾನಸ ಉಳೀತು, ಹಲಗಿ ಇಳಿಸಲಿಕ್ಕ
ಮನುಷ್ಯ ಉಳೀಲಿಲ್ಲ.
ಗದ್ದಿಗೆ ಉಪ್ಪು ನುಗ್ಗಿತು.
ಉಪ್ಪುನೀರಿಗೆ ಕಂದಾಯ ಕೇಳೂದು ಹೆಂಗ?

ರಾಜ್ಯ ಅಂದರ ಕೋಟಿ, ಫಿರಂಗಿ
ಅಂತ ತಿಳಕೊಂಡಿದ್ದೆ ನಾನು.
ಬುಟ್ಟಿ ಮಣ್ಣು ಹೊರೂ ಕೈ ಅದು.
ಕೈ ಎಣಿಸಿದವರಿಗೇ
ಅದು ಗೊತ್ತಿದ್ದಿಲ್ಲ.

ಇವತ್ತು ಶನಿವಾರ, ಬಟವಡೆ.
ಮೈಬೂಬನ ಮುಂದ ಗೈರು ಬರೆದೆ,
ಲಗಮವ್ವನ ಮುಂದ ಗೈರು.
ಹುಲಗಪ್ಪನ ಸಾಲಿಗೆ ಬಂದಾಗ
ಪೆನ್ನು ನಿಂತಿತು.
ಅವನ ಹೆಂಡತಿ ಶಿವಗಂಗವ್ವ
ಬಾಂಧಿನ ತುದಿಯಾಗ ಕೂಸಿಗೆ ಮೊಲಿ ಕೊಡತಿದ್ದಳು.

ಇಷ್ಟು ಕಾಲ ಸತ್ತವರ ಕಡೆಯಿಂದ
ಪುಸ್ತಕ ಇಸಕೊಂಡಿತು.
ಒಂದು ವಾರ, ಒಬ್ಬ ಸತ್ತವ
ಪುಸ್ತಕದಿಂದ ಇಸಕೊಳ್ಳಲಿ.

ಹಾಜರ್, ಆರು ದಿನ.
ಹೆಬ್ಬಟ್ಟು ನಂದು.
ಭರತದ ನೀರಿನ್ಯಾಗ ತಿಕ್ಕಿ ತಿಕ್ಕಿ ತೊಳೆದೆ,
ನೀಲಿ ಹಂಗೇ ಅದ.
ಅತ್ತ ಮಾನಸದ ಕೆಳಗ
ಸಣ್ಣಗ ಜಿನುಗಾಕ ಹತ್ತೇತಿ.
ಹನ್ನೊಂದು ಮಂದೀನ ಕೂಗಿದೆ.